ಸಿದರಾಯನ ತೊಡೆಗೆ ಬರೆ ಬೀಳುವ ಮೊದಲು

ಕಾಂತಾ ಕೋಂ ಉಳವಪ್ಪ ಅಂಗಡಿ, ವಯಸ್ಸು 23 ವರ್ಷ, ಉದ್ಯೋಗ ಮನೆಗೆಲಸ ಮತ್ತು ಹೊಲಿಗೆ, ಸಾಕಿನ್ ಶಿವಬಸವ ನಗರ, ಬೆಳಗಾವಿ. ಖಾನಾಪುರ ಠಾಣೆಗೆ ಖುದ್ದು ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಮೂರು ತಿಂಗಳ ಗಂಡು ಕೂಸು ಸಿದರಾಯನನ್ನು ನನ್ನ ಅತ್ತೆ ಶಿವಬಸವ್ವ ನನಗೆ ಹೇಳದೆ ಇಂದು ಮುಂಜಾನೆ ಈ ಊರಿಗೆ ತಂದಿದ್ದಾರೆ. ತೊಡೆಗೆ ಕಾದ ಕಬ್ಬಿಣದ ಬರೆ ಹಾಕಿಸಲು ತಂದಿದ್ದಾರೆ. ಮೊದಲು ಅದನ್ನು ನಿಲ್ಲಿಸಿರಿ, ಮಿಕ್ಕಿದ್ದು ಆಮೇಲೆ ಕೇಳಿರಿ ಎಂದು ಹೇಳಿದೆ. ಎಲ್ಲವನ್ನೂ ಮೊದಲಿನಿಂದ ಹೇಳಬೇಕು ಎಂದು ನೀವು ಅಂದಿದ್ದರಿಂದ ಹೇಳುತ್ತೇನೆ. ಕುಂದರಲು ಹೇಳಿದ್ದೀರಿ, ಕುಂದರುವುದಿಲ್ಲ.

ಗುರುವಾರ ದವಾಖಾನೆಯಲ್ಲಿ ನರ್ಸಬಾಯಿ ಕೂಸಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಬಾರದಂತೆ ಎಡತೊಡೆಯ ಹೊರಮಗ್ಗಲಿಗೆ ಸೂಜಿ ಹಾಕಿದರು. ಬಸಿರಿದ್ದಾಗ ನನಗ ರಟ್ಟಿಗೆ ಹಾಕಿದ್ರಿ, ಕೂಸಿಗೆ ತೊಡಿಗೆ ಯಾಕ್ರೀ ಎಂದು ಕೇಳಿದೆ. ದೊಡ್ಡವರ ರಟ್ಟೆಯಲ್ಲಿ ಮಾಂಸ ಇರುತ್ತದೆ, ಕೂಸಿನ ರಟ್ಟೆ ನನ್ನ ಹೆಬ್ಬೆರಳಿನಷ್ಟೂ ಇಲ್ಲ, ಕುಂಡಿಗೆ ಹಾಕಿದರೆ ಕಾಲಿಗೆ ಹೋಗುವ ನರಕ್ಕೆ ತಾಗುವ ಭಯ, ಅದಕ್ಕೇ ತೊಡೆ ಎಂದು ಹೇಳಿದರು. ಬಾವು, ಜ್ವರ ಬಂದೀತು, ಆ ಜಾಗ ತಿಕ್ಕಬೇಡಿ ಎಂದೂ ಹೇಳಿದರು.

ನಮ್ಮ ಮನೆಯಲ್ಲಿ ಕೂಸಿಗೆ ದಿನಾ ಎಣ್ಣೆ ಹಚ್ಚಿ ಎರೆಯುವವರು ಅತ್ತೆಯೇ. ಶುಕ್ರವಾರ ಕಾಲು ಚಾಚಿ, ಮೇಲೆ ಕೂಸನ್ನು ಹಾಕಿಕೊಂಡು, ಗಂಟು ಕರಗಲಿ ಎಂದು ಸೂಜಿ ಹಾಕಿದ ಜಾಗವನ್ನೇ ಹರಳೆಣ್ಣೆಯಲ್ಲಿ ಗಸಗಸ ತಿಕ್ಕಿದರು. ಬ್ಯಾಡ್ರೀ ಅತ್ತಿ ಎಂದು ಕೈ ಹಿಡಿದೆ. ಐದು ಮಕ್ಕಳನ್ನ ಎರದೀನಿ, ನಿನ್ನಿಂದ ಕಲೀಲೇನು ಎಂದು ಕೈ ಕೊಡವಿದರು. ಸಂಜೆಗೆ ತೊಡೆ ಕೆಂಪಗೆ ಬಾತು, ಕೂಸು ಕಾಲು ಆಡಿಸುವುದನ್ನೇ ಬಿಟ್ಟಿತು.

ಶನಿವಾರ ನರ್ಸಬಾಯಿ ಮನೆಗೇ ಬಂದು ಅಂಗಾಲು ಕೆರೆದರು. ಕೂಸು ಕಾಲು ಸರ್ ಅಂತ ಎಳಕೊಂಡಿತು, ನಾನೇ ಕಣ್ಣಾರೆ ನೋಡಿದ್ದೇನೆ. ಕಾಲಿಗೆ ಏನೂ ಆಗಿಲ್ಲ, ನೋವಿಗೆ ಆಡಿಸುತ್ತಿಲ್ಲ, ತಣ್ಣೀರ ಬಟ್ಟೆ ಹಾಕಿರಿ ಎಂದು ಹೇಳಿ ಹೋದರು. ಅತ್ತೆ ನಂಬಲಿಲ್ಲ. ಅವರ ಮಗಳು ಸಾತವ್ವನಿಗೆ ಸಣ್ಣಾಕಿ ಇದ್ದಾಗ ಜ್ವರಕ್ಕೆಂದು ಯಾರೋ ಕುಂಡಿಗೆ ಸೂಜಿ ಚುಚ್ಚಿದ್ದರು. ಅಂದಿನಿಂದ ಸಾತವ್ವ ಕಾಲು ಎಳೆಯುತ್ತಾ ನಡೆಯುತ್ತಾಳೆ. ಹೊತ್ತಿಗೆ ಬರೆ ಹಾಕಿಸಿದ್ದರ ನನ್ನ ಮಗಳು ಕುಂಟತಿದ್ದಿಲ್ಲ, ಮೊಮ್ಮಗನ್ನ ಹಂಗ ಬಿಡಂಗಿಲ್ಲ ಎಂದು ರಾತ್ರಿಯೆಲ್ಲ ಅತ್ತರು. ನನ್ನ ಗಂಡ, ಅವ್ವ ಮಾಡೂದು ಕೂಸಿನ ಸಲುವಾಗಿ, ನೀ ಸುಮ್ನಿರು ಎಂದರು. ಅಯ್ಯ, ಹೆತ್ತಾಕಿ ನಾನು, ಹೆಂಗ ಸುಮ್ನಿರಲಿ?

ಈ ದಿನ ನಾನು ನಳದಲ್ಲಿ ನೀರು ಹಿಡಿದು ಬರುವಷ್ಟರಲ್ಲಿ ತೊಟ್ಟಿಲು ಬರಿದಾಗಿತ್ತು. ಅತ್ತೆ ಕೂಸನ್ನು ಸೆರಗಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರೆಂದು ಬಾಜೂ ಮನೆಯ ಕಾಶೀಬಾಯಿ ಹೇಳಿದರು. ಖಾನಾಪುರದ ಹೊಳೆಯ ಆಚೆ ಬರೆ ಹಾಕುವ ಮುದುಕ ಇದ್ದಾನೆ, ರವಿವಾರ ಮಾತ್ರ ಹಾಕುತ್ತಾನೆ ಎಂದೂ ಹೇಳಿದರು. ಚಪ್ಪಲಿ ಮೆಟ್ಟದೆ ಮುಂದಿನ ಬಸ್ಸು ಹತ್ತಿ ಬಂದೆ. ಸ್ಟ್ಯಾಂಡಿನಲ್ಲಿ ಕೇಳಿದವರೆಲ್ಲ ಮರಾಠಿಯಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ತೋರಿಸಿದರು, ಅದಕ್ಕೇ ಠಾಣೆಗೆ ಬಂದೆ.

ಬರೆಯನ್ನು ಹಸಿದ ಹೊಟ್ಟೆಯಲ್ಲೇ ಹಾಕಿಸಬೇಕಂತೆ. ಅದಕ್ಕೇ ಅತ್ತೆ ಕೂಸಿಗೆ ಹಾಲು ಕುಡಿಸಲು ಬಿಡದೆ ಎತ್ತಿಕೊಂಡು ಹೋಗಿದ್ದಾರೆ. ಈಗ ಹತ್ತೂವರೆ ಆಗಿದೆ. ನನ್ನ ಕುಪ್ಪಸ ಎರಡೂ ಕಡೆ ತೊಯ್ದಿದೆ. ಅದು ಬೆವರಲ್ಲ.

ಅತ್ತೆಯ ಮೇಲೆ ಕೇಸು ಬೇಡ. ಅವರೂ ಕೂಸಿನ ಮೇಲೆ ಜೀವ ಇಟ್ಟುಕೊಂಡೇ ಹೋಗಿದ್ದಾರೆ. ನನಗೆ ಕೂಸು ಬೇಕು. ಕಾಲಿಗೆ ಏನೂ ಆಗಿಲ್ಲ ಸಾಹೇಬರ, ಕೂಸು ಸಿಗಲಿ, ಅಂಗಾಲು ಕೆರೆದು ತೋರಿಸುತ್ತೇನೆ, ನೀವೇ ನೋಡಿರಿ.

ಹೇಳಿದ್ದೆಲ್ಲ ಖರೇ ಇದೆ. ಓದಿ ಹೇಳುವುದು ಬೇಡ, ಅಷ್ಟು ಹೊತ್ತಿಲ್ಲ.

ಸ್ಥಳ: ಖಾನಾಪುರ
ದಿನಾಂಕ: 11-3-1984
ಸಹಿ: ಕಾಂತಾ ಉ. ಅಂಗಡಿ

(ಸಹಿಯನ್ನು ಜೀಪು ಹೊರಟ ಮೇಲೆ, ಹೊಳೆಯ ಸೇತುವೆ ದಾಟುವಾಗ ಪಡೆಯಲಾಗಿದೆ.)