ನಿಂದ್ರು ಅಂದ್ರ ನಿಂದ್ರದ ಗಾಡಿ

...ನಿಂದ್ರಂಗಿಲ್ಲ ಅದು. ಕ್ಲಚ್ ಒತ್ತಿದ್ರೂ ನಿಂದ್ರಂಗಿಲ್ಲ. ಇದನ್ನ ಹೇಳಿದ್ರ ಯಾರೂ ನಂಬಂಗಿಲ್ಲ. ನೀವೂ ನಂಬಬ್ಯಾಡ್ರಿ, ಖಾಲಿ ಕೇಳ್ರಿ. ಸವಿತಾ, ನಾಳಿಗಿ ಗಾಡಿ ನಾ ಹೊಡಿತೇನಿ ಮುತ್ಯಾ ಅಂದ್ಯಲ್ಲ, ಅದಕ್ಕ ಹೇಳಾಕತ್ತೇನಿ. ಇಲ್ಲಾಂದ್ರ ನನಗೇನು ಮಾತಾಡೋ ಚಟ ಇಲ್ಲ. ಹೊಸಾ ಗಾಡೀದು ಬ್ಯಾರೆ. ಅದರಾಗ ಎರಡು ಕ್ಲಚ್ ಇರ್ತಾವ, ಗಾಡಿ ನಿಂದ್ರಸಾಕ ಒಂದು, ಹಿಂದ ಕಟ್ಟಿದ್ದನ್ನ ನಿಂದ್ರಸಾಕ ಒಂದು. ಅಂಗಳದಾಗ ನಿಂತದಲ್ಲ, ಬಣ್ಣ ಹೋಗಿದ್ದ ಟ್ರ್ಯಾಕ್ಟರ್, ಅದಕ್ಕ ಒಂದ ಕ್ಲಚ್. ಅದಕ್ಕ ರೂಟರ್ ಕಟ್ಟಿದ್ರಿ ಅಂದ್ರ ಅದು ಬ್ಯಾರೆನ ಜನವಾರ ಆಗ್ತದ. ಓದಿದವರು ರೋಟಾವೇಟರ್ ಅಂತಾರ. ನಾವು ರೂಟರ್ ಅಂತೇವಿ. ಹೆಸರು ಯಾವುದಾದ್ರೇನು, ಒಡ್ಡು ಕಡೀತು.

ತಡೀರಿ, ಒಡ್ಡಿಂದು ಆಮ್ಯಾಲ. ಮೊದಲ ಎತ್ತಿಂದು. ಆವಾಗ ನಮ್ಮ ಮನ್ಯಾಗ ಒಂದೆತ್ತು ಉಳದಿತ್ತು. ಜೋಡಿ ಇತ್ತು, ಒಂದು ಹೋತು, ವಯಸ್ಸಾಗಿತ್ತು. ಒಂದೆತ್ತಿನ ಒಕ್ಕಲತನ ಅಂದ್ರ ಒಂದ ಕಾಲಿನ ಚಪ್ಪಲಿ. ಮಳಿ ಆದ್ರ ನಮ್ಮ ಕೊಳಕೂರ ಊರಿಗೂರ ಹೊಲಕ್ಕ ಹೋಗ್ತಿತ್ತು, ನಾ ಮಂದಿ ಬಾಗಲಾಗ ನಿಂದರ್ತಿದ್ದೆ. "ನಿಮ್ಮೆತ್ತು ಒಂದಿನ ಕೊಡ್ರಿ." "ನಮ್ದು ಮುಗೀಲಿ ತಡಿ." ಅವರ್ದು ಮುಗಿಯೋದ್ರಾಗ ನಮ್ಮ ಹೊಲದ ಹದ ಹೋಗಿರ್ತಿತ್ತು. ಎರಿ ಮಣ್ಣು ಅದು. ಹಸಿ ಇದ್ದಾಗ ಕಾಲಿಗಿ ಹತ್ತತದ, ಒಣಗಿದ್ರ ಕಲ್ಲು. ನಡುವ ಜರಾ ದಿನ ನಿನ್ನ ಮಾತು ಕೇಳ್ತದ, ಅದನ್ನ ಹದ ಅಂತಾರ. ಅದು ತಪ್ಪಿದ್ರ ವರ್ಷ ತಪ್ಪಿದಂಗ. ಹಿಂಗ ತಡಾ ಮಾಡಿ ಬಿತ್ತೋದು, ಅರ್ಧ ಬೆಳಿ ತಗೊಳ್ಳೋದು, ಹಿಂಗ ವರ್ಷಗಟ್ಟಲೆ ನಡೀತು. ನನ್ನ ಹೆಂಡ್ತಿ, ನಿಮ್ಮ ಆಯಿ, "ನಾ ಉಂಡೇನಿ" ಅಂತ ಸುಳ್ಳು ಹೇಳ್ತಿದ್ಲು. ನನಗ ಗೊತ್ತಿತ್ತು. ಹೋಗ್ಲಿ ಬಿಡ್ರಿ.

ಕರಜಗಿಯೊಳಗ ನಿಮ್ಮ ಆಯಿ ತಮ್ಮ ಇದ್ದ. ನೀರಾವರಿ ಹೊಲ, ಕಬ್ಬು. ಹೊಸಾ ಟ್ರ್ಯಾಕ್ಟರ್ ತಗೊಂಡ. ಹಳೀದು ಬೇವಿನ ಗಿಡದ ಬುಡಕ ನಿಂತಿತ್ತು, ಸೀಟಿನ ಮ್ಯಾಲ ಕೋಳಿ ಕಾವು ಕುಂತಿತ್ತು. "ಮಾಮಾ, ಇದನ್ನ ಒಯ್ರಿ" ಅಂದ. "ಕೋಳಿ?" ಅಂದೆ. "ಕೋಳಿ ಬಿಡ್ರಿ, ಗಾಡಿ ಒಯ್ರಿ. ಹಿಂದಿನ ರೂಟರೂ ಒಯ್ರಿ." ಒಯ್ದೆ. ರೂಟರ್ ಅಂದ್ರ ಏನೂ ಇಲ್ಲ, ಒಂದು ಕಬ್ಬಿಣದ ಡಬ್ಬಿ, ಒಳಗ ಅಡ್ಡ ಒಂದು ಕಂಬಿ, ಅದಕ್ಕ ಕುಡಗೋಲಿನಂಗ ಬಾಗಿದ ಬ್ಲೇಡು. ಗಾಡಿ ಬೆನ್ನಾಗಿಂದ ಒಂದು ಶಾಫ್ಟ್ ಬಂದು ಅದನ್ನ ತಿರಗಸ್ತದ. ಕೊಯ್ದು ಉಳದ ತೊಗರಿ ಕೂಳಿ, ಕಸಾ, ಹೆಂಟಿ, ಎಲ್ಲಾ ಕೂಡಿಸಿ ರವಾ ಮಾಡಿ ಒಗಿತದ. ಎತ್ತು ಹೂಡಿ ನೇಗಿಲ ಹೊಡದು, ಹೆಂಟಿ ಒಡದು, ಹರಗಿ, ಕೂಳಿ ಆರಿಸಿ ಮಾಡೋದು ಎಲ್ಲಾ ಒಂದ ಸಲಕ್ಕ. ನಂದು ಫಿಕರ್ ಮುಗೀತು ಅಂದುಕೊಂಡೆ.

ಈಗ ಒಡ್ಡಿಂದು. ಸಿದ್ರಾಮ ನಮ್ಮ ಕಾಕಾನ ಮಗ, ನನಗಿಂತ ಸಣ್ಣವ. ಹೊಲ ಹಂಚಿದಾಗ ರಸ್ತಾ ಕಡೀದು ಅವರಿಗಿ ಬಂತು, ಹಿಂದಿಂದು ನಮಗ. ನಮ್ಮ ಹೊಲಕ್ಕ ಹೋಗ್ಬೇಕಂದ್ರ ಅವರ ಹೊಲದಾಗ ಹಾಯಬೇಕು. ಬ್ಯಾರೆ ದಾರಿ ಇಲ್ಲ, ಒಂದು ಕಡಿ ಹಳ್ಳ, ಉಳದಿದ್ದು ಮಂದಿ ಹೊಲ. ನಮ್ಮಪ್ಪ, ಅವರಪ್ಪ, ಇಬ್ಬರೂ ನಡುವಿನ ಒಡ್ಡಿನ ಮಣ್ಣು ಕೈಯಾಗ ಹಿಡದು ಮಾತ ಕೊಟ್ಟಿದ್ರು. ಈ ಒಡ್ಡು ಮುರೀದೆ ಇರೋ ತನಕ ದಾರಿ ನಿಮ್ದು. ಅಷ್ಟ. ಕಾಗದ ಗೀಗದ ಏನಿಲ್ಲ, ಬಾಯಿಮಾತು. ಆ ಮಾತಿನ ಮ್ಯಾಲ ನಮ್ಮ ಒಕ್ಕಲತನ ನಿಂತಿತ್ತು. ದಾರಿ ಹೋದ್ರ ಹೊಲ ಹೋದಂಗ.

ಸಿದ್ರಾಮಗೂ ನನಗೂ ಮಾತಿರಲಿಲ್ಲ. ಯಾವುದೋ ಮದುವಿಯೊಳಗ ಊಟಕ್ಕ ಕರೀಲಿಲ್ಲಂತ. ಅವರು ಕರೀಲಿಲ್ಲೋ, ನಾವು ಕರೀಲಿಲ್ಲೋ, ಮರತೇನಿ. ಮಾತ ಬಿಟ್ಟವರು ನಮ್ಮ ಕಡಿ ಹ್ಯಾಂಗ ಮಾತಾಡ್ತಾರ ಗೊತ್ತದಲ್ಲ. ಗ್ವಾಡಿಗಿ ಹೇಳ್ತಾರ, ನಾಯಿಗಿ ಹೇಳ್ತಾರ. ಸಿದ್ರಾಮ ಅವನ ಎತ್ತಿಗಿ ಹೇಳ್ತಿದ್ದ. ಕೆಂದೆತ್ತು ಅದು. "ಏ ಕೆಂದ್ಯಾ, ಆ ಮನಶ್ಯಾಗ ಹೇಳು, ದಾರ್ಯಾಗ ಕಲ್ಲು ಬಿದ್ದದ, ನೋಡಿ ಹೋಗಂತ." ನಾನೂ ಎತ್ತಿಗೇ ಹೇಳ್ತಿದ್ದೆ, "ನೋಡೇನಂತ ಹೇಳು." ಎತ್ತು ಮೇವು ತಿಂತಿತ್ತು. ಹಿಂಗ ವರ್ಷಗಟ್ಟಲೆ. ನಗಬ್ಯಾಡ್ರಿ. ನಡೀತಿತ್ತು.

ಆ ವರ್ಷ ಮುಂಗಾರಿನ ಮಿರಗ ಮಳಿ ಚಲೋ ಆತು. ಹದ ಬಂತು. ನಾ ಡೀಸಲ್ ಹಾಕಿದೆ. ನಿಮ್ಮ ಆಯಿ ಬಾಗಲಾಗ ಅಡ್ಡ ನಿಂತ್ಲು. "ಇವತ್ತ ಸೋಮವಾರದ್ರಿ. ಬಸವಣ್ಣನ ವಾರ. ಹೂಡಬ್ಯಾಡ್ರಿ." "ಸೋಮವಾರ ಎತ್ತಿಗಿ ಬೇ. ಡೀಸಲ್‌ಗೆ ಯಾವ ವಾರ?" "ಹೋಗ್ರಿ ಹಂಗಾರ. ನಿಮ್ಮ ಬಾಯಿಗೂ ಯಾವ ವಾರ ಇಲ್ಲ." ಹೋದೆ. ಸಣ್ಣ ಗೇರಿನಾಗ ಹಾಕಿದೆ, ರೇಸ್ ಏರಿಸಿದೆ. ಗಾಡಿ ನಡಿಗಿ ನಿಧಾನ ಇರ್ಬೇಕು, ಹಿಂದಿನ ಹೊಡತ ಜೋರ ಇರ್ಬೇಕು. ಹಿಂದ ಯಾರೂ ನಿಂದ್ರಬಾರ್ದು. ಆ ತಿರಗೋ ಶಾಫ್ಟಿನ ಹತ್ರ ಅರಿವಿ ಸುಳೀಬಾರ್ದು. ಸವಿತಾ, ನಿನ್ನ ವೇಲಿಗಿ ಹೇಳಾಕತ್ತೇನಿ. ಮನ್ಯಾಗ ಇಟ್ಟು ಹೋಗು. ಮಣ್ಣು ಹಿಂದ ಹಿಟ್ಟಾಗಿ ಬೀಳ್ತಿತ್ತು, ಬೆಳ್ಳಕ್ಕಿ ಸಾಲಾಗಿ ಹಿಂದ ಬರ್ತಿದ್ವು. ಖರೆ ಹೇಳ್ಬೇಕಂದ್ರ ಸಂತೋಷ ಆಗಿತ್ತು. ಯಾರ ಬಾಗಲಿಗೂ ಹೋಗಿರಲಿಲ್ಲಲ್ಲ.

ಒಡ್ಡು ಬಂತು. ಎತ್ತು ಹೊಡದವಂದು ಒಂದು ರೂಢಿ ಇರ್ತದ. ಒಡ್ಡಿಗಿ ಎತ್ತಿನ ಮೂಗು ತಾಗೋ ತನಕ ಹೊಡಿತಾನ, ಗೇಣು ಮಣ್ಣು ಬಿಡಂಗಿಲ್ಲ. ಹೋ ಅಂದ್ರ ಎತ್ತು ನಿಂದರ್ತದ, ತಿರಗ್ತದ. ನಾನೂ ಹಂಗ ಮೂಗು ತಾಗೋ ತನಕ ಹೋದೆ. ರೂಟರ್ ಮಣ್ಣಿಂದ ಮ್ಯಾಲ ಬರ್ಲಿ ಅಂತ ಲಿಫ್ಟ್ ಎತ್ತಿದೆ. ಕ್ಲಚ್ ಒತ್ತಿದೆ. ಗಾಡಿ ಹೋತು. ಕಾಲು ಪುರಾ ಒತ್ತೇನಿ, ನೆಲಕ್ಕ ಹತ್ತೇದ ಕ್ಲಚ್ಚು, ಗಾಡಿ ಮಾತ್ರ ಹೊಂಟೇ ಅದ. ಬ್ರೇಕ್ ಒತ್ತಿದೆ. ಕೋಳಿ ಕಾವು ಕುಂತ ಗಾಡಿ ಬ್ರೇಕ್ ಅದು, ಏನು ಕೇಳ್ತದ. ಮುಂದಿನ ಗಾಲಿ ಏರಿದ್ವು, ಹಿಂದಿನವು ಏರಿದ್ವು, ಗೇಣಷ್ಟ ಎದ್ದಿದ್ದ ರೂಟರ್ ಗರ್ರ್ ಅಂತ ತಿರಕ್ಕೋತ ಒಡ್ಡಿನ ಮ್ಯಾಲ ಬಂತು. ಅಪ್ಪಗೋಳ ಕಾಲದ ಒಡ್ಡು. ಆಕಡಿ ಹೋಗಿ ನಿಂತಾಗ ತಿರಗಿ ನೋಡಿದೆ. ನನ್ನ ಗಾಡಿ ಅಗಲದಷ್ಟು ಒಡ್ಡು ಇರಲಿಲ್ಲ. ರವಾ ಆಗಿತ್ತು.

ಸಿದ್ರಾಮ ಅಲ್ಲೇ ಗಿಡದ ಬುಡಕ ಇದ್ದ. ಎದ್ದು ಬಂದ. ಒಡ್ಡು ನೋಡಿದ, ಗಾಡಿ ನೋಡಿದ, ನನ್ನ ನೋಡಲಿಲ್ಲ. ಎತ್ತಿಗಿ ಹೇಳಿದ, "ಕೆಂದ್ಯಾ, ನೋಡು. ಬೇಕಂತ ಹಾಯಿಸ್ಯಾನ. ಕಣ್ಣಮುಂದ ಹಾಯಿಸ್ಯಾನ." "ಕೆಂದ್ಯಾ, ಬೇಕಂತಲ್ಲ ಅಂತ ಹೇಳು. ಕ್ಲಚ್ ಒತ್ತಿದ್ರೂ ನಿಂದ್ರಲಿಲ್ಲ." "ಕ್ಲಚ್ ಒತ್ತಿದ್ರ ನಿಂದ್ರದ ಗಾಡಿ ಎಲ್ಲೆರ ಅದೇನು ಕೆಂದ್ಯಾ? ನಮಗ ಬೇಕೂಫ ಮಾಡಾಕತ್ತಾನ. ಮಾತು ಏನಿತ್ತು? ಒಡ್ಡು ಇರೋ ತನಕ ದಾರಿ. ಒಡ್ಡು ಇಲ್ಲ. ದಾರೀನೂ ಇಲ್ಲ." ಗಾಡಿ ಹಿಂದಕ್ಕ ನಮ್ಮ ಹೊಲದಾಗ ತಗೊಂಡೆ, ನಡಕೋತ ಮನಿಗಿ ಬಂದೆ. ಮುಂಜಾನಿ ಹೋಗಿ ನೋಡಿದ್ರ ದಾರಿಗಿ ಜಾಲಿ ಮುಳ್ಳು ಬಡದಿದ್ದ. ಆಳೆತ್ತರ. ಗಾಡಿ ಒಳಗ, ನಾವು ಹೊರಗ. ಅವನ ಕಾಲ್ದಾರಿ ತುಳಿಬಾರ್ದಂತ ಹಳ್ಳ ದಾಟಿ ಹೋಗ್ಬೇಕು. ಮನಶ್ಯಾ ಹಳ್ಳ ದಾಟ್ತಾನ, ಬಿತ್ತೋ ಕೂರಿಗಿ ಎತ್ತಿನ ಕೂಡ ದಾಟತದೇನು? ಬಿತ್ತಲಿಲ್ಲಂದ್ರ ಉಣ್ಣೋದೇನು? ದಿನಾ ಹೋಗಿ ಕೈಯಾಗ ಮಣ್ಣು ಹಿಡದು ನೋಡ್ತಿದ್ದೆ. ಹಿಡಕಿಯಾಗ ಉಂಡಿ ಆಗ್ತಿದ್ದ ಮಣ್ಣು ಉದರಾಕ ಹತ್ತಿತ್ತು. ನಿಮ್ಮ ಆಯಿ ಸೋಮವಾರ ಸೋಮವಾರ ಅಂತ ಬಡಕೊಂಡ್ಲು. ಊರಾಗ ಕಟ್ಟಿ ಮ್ಯಾಲ ಕುಂತವರು, "ಏನು ಗೌಡ್ರ, ಗಾಡಿ ಮಾತು ಕೇಳಂಗಿಲ್ಲಂತ? ಬಾರಕೋಲ ತೋರಸ್ಬೇಕಿತ್ತು" ಅಂದ್ರು.

ಜೇವರ್ಗಿ ಮಿಸ್ತ್ರಿಗಿ ಫೋನ್ ಹಚ್ಚಿದೆ. ಅವ ನಕ್ಕ. "ಕಾಕಾ, ಅದು ಒಂದ ಕ್ಲಚ್ಚಿನ ಗಾಡಿ. ನೀವು ಕ್ಲಚ್ ಒತ್ತಿ ಇಂಜಿನ್ ಬಿಡಸ್ತೀರಿ, ಖರೆ, ಆದ್ರ ಹಿಂದಿನ ರೂಟರ್ ಜೋರ ತಿರಗಾಕತ್ತಿರ್ತದಲ್ರಿ. ಅದರ ದಮ್ಮು ಶಾಫ್ಟಿನಾಗಿಂದ ಗಾಲಿಗಿ ಬರ್ತದ. ಇಂಜಿನ್ ನೂಕೋದು ಬಿಟ್ರ ರೂಟರ್ ನೂಕ್ತದ. ಒಡ್ಡಿಗಿಂತ ಮೊದಲ ರೇಸ್ ಇಳಸ್ರಿ, ರೂಟರ್ ಮಣ್ಣಾಗ ಸಮಾಧಾನ ಆಗ್ಲಿ, ಆಮ್ಯಾಲ ಕ್ಲಚ್ ಒತ್ರಿ, ಕಡೀಗಿ ಎತ್ರಿ." ನನಗ ತಿಳೀತು. ಸಿದ್ರಾಮಗ ತಿಳಸೋದು ಹ್ಯಾಂಗ? ಗುರುವಾರ ಹೋದೆ. ಮುಳ್ಳಿನ ಈಕಡಿ ನಾ, ಆಕಡಿ ಅವ, ನಡುವ ಎತ್ತು. ಮಿಸ್ತ್ರಿ ಹೇಳಿದ್ದೆಲ್ಲಾ ಎತ್ತಿಗಿ ಹೇಳಿದೆ. ಅಷ್ಟು ಮಾತು ನಾ ಜನ್ಮದಾಗ ಆಡಿರಲಿಲ್ಲ. ಎತ್ತು ಬಾಲ ಬೀಸ್ತು. ಸಿದ್ರಾಮ, "ಕೆಂದ್ಯಾ, ಕತಿ ಕಟ್ಟಾಕ ಒಳ್ಳೆ ಶಾಣ್ಯಾ ಆಗ್ಯಾನ" ಅಂದ. ನನಗ ಸಿಟ್ಟು ಬಂತು. "ಕೆಂದ್ಯಾ, ಸುಳ್ಳಂದ್ರ ಅವನೇ ಗಾಡಿ ಹತ್ತಿ ಹೊಡದು ನೋಡಂತ ಹೇಳು. ಗಾಡಿ ನಿಂತ್ರ ಈ ದಾರಿ ಇನ್ನ ನಾ ಕೇಳಂಗಿಲ್ಲ." ಅಂದಿದ್ದು ಅಂದಾಗಿತ್ತು.

ಅವ ಧೋತರ ಎತ್ತಿ ಕಟಗೊಂಡು, ನಮ್ಮ ಹೊಲದಾಗ ನಿಂತಿದ್ದ ಗಾಡಿ ಹತ್ತಿದ. ಮೊದಲ ಅವನಿಗಿ ಟ್ರ್ಯಾಕ್ಟರ್ ರೂಢಿ ಇತ್ತು, ಕಬ್ಬು ಹೇರಾಕ ಹೋಗ್ತಿದ್ದ. ರೂಟರ್ ಕಟ್ಟಿದ್ದು ಹೊಡದಿರಲಿಲ್ಲ. ನಾ ದೂರ ಬಾಜೂಕ ನಿಂತೆ. ಒಂದು ಸಾಲು ಆಕಡಿ ಹೋದ, ತಿರಗಿಸಿ ಒಡ್ಡಿನ ಕಡಿ ಬರಾಕತ್ತಿದ. ಚಲೋ ಹೊಡೀತಿದ್ದ. ಮೀಸಿ ಮ್ಯಾಲ ಕೈ ಬ್ಯಾರೆ. ಒಡ್ಡಿಗಿ ಮೂಗು ತಾಗೋ ತನಕ ಬಂದ. ಅವನೂ ಎತ್ತು ಹೊಡದವನೇ ಅಲ್ಲೇನು. ಲಿಫ್ಟ್ ಎತ್ತಿದ, ಎತ್ತಿಗಿ ಕೇಳೋಹಂಗ "ನೋಡು ಕೆಂದ್ಯಾ, ಹಿಂಗ ನಿಂದರ್ತದ" ಅಂದು ಕ್ಲಚ್ ಒತ್ತಿದ. ಗಾಡಿ ಹೋತು. "ಹೋ" ಅಂದ. "ಹೋ ಹೋ! ಹೋ ಲೇ!" ಸ್ಟೇರಿಂಗ್ ಹಿಡದು ಎತ್ತಿನ ಹಗ್ಗ ಜಗ್ಗಿದಂಗ ಹಿಂದಕ್ಕ ಜಗ್ಗಾಕತ್ತಿದ. ಬೆನ್ನು ಸೀಟಿಗಿ ಹಚ್ಯಾನ, ಎರಡೂ ಕಾಲು ಕ್ಲಚ್ಚಿನ ಮ್ಯಾಲ ಇಟ್ಟಾನ, ಗಾಡಿ ಒಡ್ಡು ಏರಾಕತ್ತದ. ಆವಾಗ ಒದರಿದ. "ಅಣ್ಣಾ! ನಿಂದ್ರಸೋ ಅಣ್ಣಾ!"

"ರೇಸ್ ಇಳಸಲೇ!" ಅಂದೆ. ಎಲ್ಲಿ ಇಳಸ್ತಾನ. ಒಡ್ಡು ಇನ್ನೊಂದು ಜಾಗಾದಾಗೂ ರವಾ ಆತು. ಗಾಡಿ ಅವನ ಹೊಲದಾಗ ಹೋಗಿ, ರೂಟರಿನ ದಮ್ಮು ಮುಗದಮ್ಯಾಲ ತಾನೇ ನಿಂತಿತು. ಕೆಂದೆತ್ತು ಮೇವು ಬಿಟ್ಟು ನೋಡ್ತಿತ್ತು. ಸಿದ್ರಾಮ ಸೀಟಿನಿಂದ ಇಳದ, ರೂಟರ್ ನೋಡಿದ. ನನ್ನ ಕಡಿ ತಿರಗಿದ. "ಅಣ್ಣಾ, ಇದು ನಿಂದ್ರಂಗಿಲ್ಲಲ್ಲೋ." "ಅದನ್ನ ಹೇಳಾಕತ್ತಿದ್ದೆ" ಅಂದೆ. "ನನಗೆಲ್ಲಿ ಹೇಳಿದಿ? ಎತ್ತಿಗಿ ಹೇಳಿದಿ." ಅವ ಅಂದಿದ್ದೂ ಬರಾಬ್ಬರಿ ಇತ್ತು.

ಮುಳ್ಳು ಅವನೇ ತೆಗದ. ನಾ ಕೈ ಹಚ್ಚಿದೆ. ಹದ ಹೋಗೋದ್ರಾಗ ಅವನ ಕೆಂದೆತ್ತು, ನಮ್ಮದೊಂದು, ಎರಡು ಕೂಡಿಸಿ ಕೂರಿಗಿ ಹೂಡಿ ಬಿತ್ತಿದೇವಿ. ಒಣಗಿದ ಕಡಿ ಹುಟ್ಟಲಿಲ್ಲ, ಉಳದಿದ್ದು ಬಂತು. ಆಮ್ಯಾಲ ಇಬ್ಬರೂ ಸಲಿಕಿ ತಗೊಂಡು ಒಡ್ಡು ಹಾಕಿದೇವಿ. ಅದರ ಎರಡೂ ಮಗ್ಗಲಕ ಗಾಡಿ ತಿರಗೋವಷ್ಟು ಜಾಗ ಬೀಳು ಬಿಟ್ಟೇವಿ. ಇಬ್ಬರ್ದೂ ಮಣ್ಣು ಹೋತು. ಈಗೂ ಅಲ್ಲಿ ಹುಲ್ಲು ಬೆಳೀತದ, ನೀವು ನೋಡೇರಿ, ಎರಡೂ ಮನಿ ದನ ಅಲ್ಲೇ ಮೇಯ್ತಾವ. ನಿಮ್ಮ ಆಯಿ ಮಾತ್ರ ಗುರುವಾರನೂ ಗಾಡಿ ಹೂಡಬ್ಯಾಡ್ರಿ ಅಂತಾಳ.

ಅದಕ್ಕ ಸವಿತಾ, ಒಡ್ಡು ಬರೋಕಿಂತ ಮೊದಲ ರೇಸ್ ಇಳಸು. ಒಡ್ಡಿಗಿ ಬಂದಮ್ಯಾಲ ಹೋ ಅಂದ್ರ ಗಾಡಿ ನಿಂದ್ರಂಗಿಲ್ಲ, ಬಾಯೀನೂ ನಿಂದ್ರಂಗಿಲ್ಲ. ಏಳ್ರಿ, ರೊಟ್ಟಿ ಆರಾಕತ್ತಾವ.