ಆದಮ್ಮ ಸ್ಕಾಟ್ಲೆಂಡಿಗೆ ಒಯ್ದ ಪದ

…ನಗಬ್ಯಾಡ ಬೇ, ಕೂಸು ಎದ್ದೀತು. ಗಂಡಸರೇ ಅಂತೀನಿ. ಕೆಂಪನ್ನ ಗಡ್ಡ ಬಿಟ್ಟ ಗಂಡಸರು, ಬಾಗಲದಾಗ ತಲಿ ಬಗ್ಗಿಸಿ ಬರೂವಂಥ ಆಳು, ನಮ್ಮ ಹುಡಿಗ್ಯಾರ ಲಂಗದಂಗ ಮೊಣಕಾಲ ತನಕ ಚೌಕಡಿ ಪರಕಾರ ಉಟಗೊಂಡು ನಿಂತಿದ್ರು. ಮಾರಿ ಎಲ್ಲಿ ಇಡಬೇಕು ತಿಳೀದ ನಾ ನೆಲಾ ನೋಡ್ಕೋತ ನಿಂತೆ. ನೆಲಾ ನೋಡಿದ್ರ ಬರೇ ಕಾಲು. ಅದರಾಗ ಒಬ್ಬಾಂವ ಬಗಲಾಗ ಚೀಲ ಹಿಚುಕ್ಕೋತ ಊದಾಕತ್ತಿದ್ದ. ನಾ ಏನೋ ಕುರಿಮರಿ ಹಿಡಕೊಂಡಾನ, ಅದು ಒದರಾಕತ್ತೈತಿ ಅನ್ಕೊಂಡೆ. ಬಿಡಪಾ, ಅದರ ತಾಯಿ ಕಡೆ ಬಿಡು ಅಂತ ಹೇಳಾಕ ಹೋಗಿದ್ದೆ… ಹಾಂ, ನಕ್ಕಿ. ಸೆರಗು ಅಡ್ಡ ಹಿಡದ್ರ ಕಾಣಂಗಿಲ್ಲೇನು?

ನಕ್ಕ ಮ್ಯಾಲ ಒಂದು ಮಾತು ಆಡಬಹುದಲ್ಲ. ಇಲ್ಲ… ಆತು ಬಿಡು. ಸಂತೆಕಲ್ಲೂರಿಂದ ಮಸ್ಕಿ ತನಕ ಆಟೋದಾಗ ಕಾಲು ಮಡಚಿಕೊಂಡು ಕುಂತು ಬಂದೀನಿ. ಬಂದಾಗಿಂದ ನಾನೇ ಮಾತಾಡಾಕತ್ತೀನಿ. ನಿನ್ನ ಸೊಸಿ ವಸೀಮಾ ಚಾ ಕೊಟ್ಳು, ಮೈ ಹೆಂಗೈತಿ ಆದಮ್ಮಕ್ಕಾ ಅಂದ್ಳು. ನೀ ಮೊಮ್ಮಗಳನ್ನ ತೊಡಿಮ್ಯಾಲ ಹಾಕ್ಕೊಂಡು ಗ್ವಾಡಿ ನೋಡಾಕತ್ತಿ. ಆ ದೇಶದಿಂದ ನಾ ಬಂದಾಗಿಂದ ಹಿಂಗೇ. ಫೋನ್ ಮಾಡಿದ್ರ ವಸೀಮಾನೇ ಎತ್ತತಾಳ, ಅತ್ತಿ ನಮಾಜಿಗೆ ಕುಂತಾಳ ಅಂತಾಳ. ಮುಂಜಾನೆ ಮಾಡಿದ್ರೂ ನಮಾಜು, ಉಣ್ಣೂ ಹೊತ್ತಿಗೆ ಮಾಡಿದ್ರೂ ನಮಾಜು. ನಮ್ಮಿಬ್ಬರ ಪಾಲಿಂದೂ ನೀನೇ ಮಾಡಾಕತ್ತೀಯೇನು?

ನಾರಾಜ್ ಆಗಿ, ಗೊತ್ತೈತಿ. ಅದಕ್ಕೇ ಬಂದೀನಿ. ಕಾಲಿವಿಗೆ ನೀರು ಬಿಟ್ಟಾರ. ಸಾಲಗುಂದದಾಗ ನಾಟಿ ಸುರು ಆಗತೈತಿ, ಮೇಸ್ತ್ರಿ ತಾಯಪ್ಪ ಹೆಣ್ಣಾಳು ಕೂಡಸಾಕತ್ತಾನ. ನಿನ್ನೆ ನಮ್ಮ ಕಟ್ಟಿಗೆ ಬಂದಿದ್ದ. ಗುಲ್ಷನ್‌ಬೀ ಬರ್ತಾಳೇನು, ಈ ಸಲನೂ ಇಬ್ಬರೂ ಹಾಡ್ತೀರೇನು ಅಂತ ಕೇಳಿದ. ಅವನಿಗೇನು, ನಾವು ಹಾಡಿದ್ರ ಸಾಲು ಜಲ್ದಿ ಮುಗೀತಾವ. ನಾ ಕೇಳಿ ಹೇಳ್ತೀನಿ ಅಂದೆ. ನೀ ನನ್ನ ಎದುರು ಸಾಲಿಗೆ ನಿಂದರತಿಯೋ ಇಲ್ಲೋ, ಅದೊಂದು ಮಾತು ನಿನ್ನ ಬಾಯಿಲೆ ಕೇಳ್ಕೊಂಡು ಹೋಗಬೇಕು. ಮತ್ತೇನೂ ಬ್ಯಾಡ ನನಗ.

ಆ ದೇಶದವರು ಹಾಡಾಕ ಕರದದ್ದು ನಮ್ಮಿಬ್ಬರನ್ನೂ. ನೀನೇ ಹೋಗಿ ಬಾ ಅಂದಿದ್ದಿ. ಲಿಂಗಸೂಗೂರು ದವಾಖಾನಿ ಪಡಸಾಲಿಯಾಗ ಕುಂತಿದ್ದಿ, ವಸೀಮಾಗ ದಿನಾ ತುಂಬೂದಕ್ಕಿಂತ ಮೊದಲೇ ಬ್ಯಾನಿ ಸುರು ಆಗಿದ್ವು, ನಿನ್ನ ಕೈಯಾಗ ಆಕಿ ಬಳಿ ಇದ್ವು. ನಾ ಹೆಂಗ ಬರಲಿ ಆದಮ್ಮಾ, ನೀ ಹೋಗಿ ಬಾ ಅಂದಿ. ನಾ ಹೂಂ ಅಂದೆ.

ಗೊತ್ತೈತಿ, ಗೊತ್ತೈತಿ. ಉಣ್ಣಾಕ ಕರದ್ರ ಸೈತ ನಾವು ಒಲ್ಲೆ ಅಂತೀವಿ. ಹಸುವು ಹೊಟ್ಟಿ ಕಡೀತಿದ್ರೂ ಒಲ್ಲೆ ಅಂತೀವಿ, ಅವರು ಕೈ ಹಿಡದು ಎಳೀತಾರ, ಮತ್ತೊಮ್ಮೆ ಒಲ್ಲೆ ಅಂತೀವಿ, ಆಮ್ಯಾಲ ತಾಟಿನ ಮುಂದ ಕೂಡ್ತೀವಿ. ನೀ ಹೋಗು ಅಂದಾಗ ಈ ಆದಮ್ಮ ಒಂದು ಸಲ, ಬರೇ ಒಂದು ಸಲ, ನಿನ್ನ ಬಿಟ್ಟು ನಾ ಹೋಗಂಗಿಲ್ಲ ಅಂದಿದ್ರ ನೀನೇ ನನ್ನ ಬೆನ್ನಿಗೆ ಕೈ ಹಚ್ಚಿ ಕಳಸ್ತಿದ್ದಿ. ಅನಲಿಲ್ಲ ನಾ. ವಿಮಾನ ನೋಡೂ ಆಸೆ ಬಾಯಿ ಮುಚ್ಚಿಸಿಬಿಡ್ತು. ಏನು ಮಾಡ್ಲಿ.

ವಿಮಾನದ ಸುಖ ಕೇಳಾರ ಕೇಳು. ನಮ್ಮ ಪದ ಬರಕೊಂಡು ಹೋದ ಭಾರತಿ ಮೇಡಂ ಹೈದರಾಬಾದಿಗೆ ಬಂದು, ಕೊಳ್ಳಾಗ ಒಂದು ಕಾರ್ಡು ಹಾಕಿ, ಇನ್ನ ಮುಂದ ನೀವೇ ಹೋಗಬೇಕ್ರಿ ಅಂದ್ಲು. ಬೋರ್ಡ್ ಓದಾಕ ಬರಂಗಿಲ್ಲ ಅಂತ ನನ್ನ ಗಾಲಿ ಕುರ್ಚಿಯಾಗ ಕೂಡಸಿದ್ರು. ಕಾಲು ಗಟ್ಟಿ ಅದಾವಪಾ, ಹೊತ್ತು ಮುಳಗೂತನ ಕೆಸರಾಗ ನಿಂದ್ರತೀನಿ ಅಂದೆ. ಯಾರು ಕೇಳ್ತಾರ? ಕುರ್ಚಿ ದಬ್ಬವರು ಬದಲಾದ್ರು, ಊರು ಬದಲಾದ್ವು, ಒಂದು ವಿಮಾನ ಇಳದು ಇನ್ನೊಂದು ಹತ್ತಿದೆ, ಕಡೀಕ ಒಂದು ಹಡಗ. ಎಲ್ಲಾರೂ ನನ್ನ ಕೊಳ್ಳಾಗಿನ ಕಾರ್ಡು ನೋಡವರು. ಮಾರಿ ನೋಡವರಿಲ್ಲ. ಬಸ್‌ಸ್ಟ್ಯಾಂಡಿನಾಗ ಯಾರೋ ಬಿಟ್ಟು ಹೋದ ಗಂಟಿನಂಗ ಕುಂತಿದ್ದೆ ಬೇ.

ಏನು ನೋಡ್ತಿ, ಬಿಸ್ಕೀಟಾ? ಅಲ್ಲಿಂದೇ ತಂದೀನಿ, ಬೆಣ್ಣಿ ಬಾಳ ಹಾಕಿರತಾರ. ನೀ ತಿನ್ನದಿದ್ರ ವಸೀಮಾ ತಿನ್ನಲಿ, ಬಾಣಂತಿ. ನಾ ಒಯ್ದ ಕಟಕ ರೊಟ್ಟಿ, ಖಾರದ ಶೇಂಗಾ ಹಿಂಡಿ ಅವರಿಗೆ ಕೊಟ್ಟಿದ್ದೆ. ಹಿಂಡಿ ನಾಲಿಗಿಗೆ ಹತ್ತಿದ ಕೂಡಲೇ ಆ ಗಡ್ಡದಾಂವ ಕುಣಿದ ನೋಡು, ಅಂಥಾ ಕುಣಿತ ಆ ಶಾಲ್ಯಾಗೂ ಕಲಿಸಿರಲಿಕ್ಕಿಲ್ಲ.

ಹೌದು, ಶಾಲಿ ಅಂದ್ರ ಅಲ್ಲಿ ಹಾಡು, ಪಿಟೀಲು, ಕುಣಿತ, ಅಷ್ಟೇ. ಅಜ್ಜ ಅಜ್ಜಿ ಕಾಲದ್ದು ಮರಿಬಾರದು ಅಂತ ದೊಡ್ಡ ದೊಡ್ಡ ಊರಿಂದ ಹುಡುಗರು ಬಂದು ಕಲೀತಾರ. ಸುತ್ತ ಸಮುದ್ರ, ನಡುವ ಒಂದು ಗುಡ್ಡ, ಗುಡ್ಡದ ಬುಡಕ ಶಾಲಿ. ಹೆಡ್‌ಮೇಡಂ ಹೆಸರು ಮೈರಿ. ನಾ ಮೈರಮ್ಮ ಅಂತಿದ್ದೆ, ಆಕೀನೂ ಓ ಅಂತಿದ್ಲು. ನನ್ನಷ್ಟೇ ವಯಸ್ಸು, ನನಗಿಂತ ಹಲ್ಲು ಜಾಸ್ತಿ. ಒಳ್ಳೇಕಿ. ಆದ್ರ ಏನು, ಆಕಿ ನಕ್ರ ನಾ ನಗೂದು, ನಾ ನಕ್ರ ಆಕಿ ನಗೂದು. ನಗೂದು ಮುಗದ ಮ್ಯಾಲ ಇಬ್ಬರೂ ನೆಲಾ ನೋಡೂದು.

ನನಗಂತ ಒಂದು ಖೋಲಿ ಕೊಟ್ಟಿದ್ರು. ಒಂದೇ ಹಾಸಿಗಿ. ನಾ ಹುಟ್ಟಿದಾಗಿಂದ ಒಬ್ಬಾಕೀನೇ ಒಂದು ಖೋಲ್ಯಾಗ ಮಲಗಿದ್ದು ಎಲ್ಲೈತಿ? ಅವ್ವನ ಬಗಲಾಗ, ಗಂಡನ ಮನಿಯಾಗ, ಮಕ್ಕಳ ನಡುವ, ನಾಟಿಗೆ ಹೋದ್ರ ಜೋಪಡ್ಯಾಗ ನಿನ್ನ ಕಾಲು ನನ್ನ ಮ್ಯಾಲ. ಅಲ್ಲಿ ಹೊತ್ತು ಮುಳಗಂಗೇ ಇಲ್ಲ. ಉಂಡು, ಬಾಗಲಾ ಹಾಕ್ಕೊಂಡು ಮಲಗಿದ್ರೂ ಕಿಡಕ್ಯಾಗ ಬೆಳಕು ನಿಂತಿರತಿತ್ತು. ಇನ್ನೂ ಸಂಜಿ ಐತಿ, ಯಾರಾರ ಬಂದು ಕಟ್ಟಿಮ್ಯಾಲ ಕುಂದರತಾರ ಅಂತ ಜೀವಾ ಕಾಯ್ತಿತ್ತು. ಯಾರು ಬರ್ತಾರ ಅಲ್ಲಿ? ಹಿತ್ತಲದಾಗ ಕುರಿ ಇದ್ವು. ಅವಕ್ಕ ಎಲ್ಲಾ ಹೇಳಿದೆ. ನಿನ್ನ ಸುದ್ದಿನೂ ಹೇಳಿದೆ. ಅವೂ ನಿನ್ನಂಗೇ, ಮೆಲಕ ಹಾಕ್ಕೋತ ನನ್ನ ಮಾರಿ ನೋಡೂವು.

ಬೈಕೋ. ಮನಸಿನಾಗ ಬೈಕೋಬ್ಯಾಡ, ಬಾಯಿ ಬಿಟ್ಟು ಬೈಯಿ.

ಕುಣಿತ ಹೇಳ್ತೀನಿ ಕೇಳು. ಗಂಡು ಹೆಣ್ಣು ಎದುರಾ ಬದುರಾ ಸಾಲಾಗಿ ನಿಂದರತಾರ, ನಾಟಿ ಹಚ್ಚವರಂಗ. ಪಿಟೀಲು ಸುರು ಆತು ಅಂದ್ರ ಎದುರಿನವರ ಕೈ ಹಿಡದು ಒಂದು ಸುತ್ತು, ಬಿಟ್ಟು ಮುಂದಿನವರ ಕೈ, ಅವರನ್ನ ಬಿಟ್ಟು ಅದರ ಮುಂದಿನವರದು. ಮೈರಮ್ಮ ನನ್ನನ್ನೂ ಎಳಕೊಂಡ್ಲು. ನೌವಾರಿ ಸೀರಿ ಕಚ್ಚಿ ಹಾಕಿದೆ, ಕುಣಿದೆ. ಹೌದು ಬೇ, ಗಂಡಸರ ಕೈನೂ ಹಿಡದೆ. ಊರಾಗ ಹೇಳ್ಕೋತ ಹೋಗು ಬೇಕಾರ, ಆ ನೆವದಿಂದಾರ ಬಾಯಿ ಬಿಡ್ತಿ. ಎಲ್ಲಾರ ಕೈನೂ ಬೆಚ್ಚಗಿದ್ವು. ಒಬ್ಬರ ಹೆಸರೂ ಗೊತ್ತಿರಲಿಲ್ಲ. ಅಷ್ಟು ಮಂದಿ ಕೈ ಹಿಡದು, ಹೊಳ್ಳಿ ಖೋಲಿಗೆ ಬಂದು ಕುಂತ್ರ ಕೈ ಖಾಲಿ ಖಾಲಿ.

ಹಾಡೂ ದಿನಾ? ಬಂತು, ಅದೂ ಬಂತು. ದೊಡ್ಡ ಹಾಲ್, ಮಂದಿ ತುಂಬಿದ್ರು. ಮೈರಮ್ಮ ನನ್ನ ಬಗ್ಗೆ ಏನೇನೋ ಹೇಳಿದ್ಲು. ಅವರು ನಮ್ಮ ಪದ ಮುಂಚೆ ಕೇಳಿದವರಲ್ಲ. ಭಾರತಿ ಬರದದ್ದು ನಂಬಿ ಕರದಿದ್ರು. ನಾ ಎದ್ದು ನಿಂತೆ, ಕಣ್ಣು ಮುಚ್ಚಿದೆ, ಹಾಡಿದೆ. ಮುಗದ ಮ್ಯಾಲ ಚಪ್ಪಾಳಿ ನೋಡಬೇಕಿತ್ತು ನೀ. ಕೆಲವೊಬ್ಬರ ಕಣ್ಣಾಗ ನೀರು. ಮರುದಿನದಿಂದ ಹುಡುಗರಿಗೆ ಅದೇ ಪಾಠ. ಪೂರಾ ಪದ ಕಲತ್ರು, ನಾ ಬರೂದ್ರಾಗ ಬರೋಬ್ಬರಿ ನನ್ನಂಗೇ ಹಾಡಾಕತ್ತಿದ್ರು. ಸಂಜಿಗೆ ಭಾರತಿ ಫೋನ್ ಮಾಡಿ, ಬಾಳ ಚಂದ ಹಾಡೀರಂತಲ್ರಿ ಅಂದ್ಲು. ಆತು. ಅಷ್ಟೇ. ಚಾ ಆರೂದು ನೋಡು ನಿಂದು.

ಯಾಕ ಹಂಗ ನೋಡ್ತಿ?

ಹಾಡಿದೆ ಅಂದೆನಲ್ಲ. ಅದೇ ಪದ, ಮತ್ಯಾವುದು? ಕೂಸಿನ ಬೆನ್ನು ತಟ್ಟು, ಕೈ ಯಾಕ ನಿಲ್ಲಿಸಿದಿ… ಪೂರಾ ಪದ ಅಂದ್ರ ಪೂರಾ. ನಿನ್ನ ಉತ್ತರದ ಸೊಲ್ಲು ಯಾರು ಹೇಳಿದ್ರು ಅಂತ ಕೇಳಾಕತ್ತಿ, ತಿಳೀತೈತಿ ನನಗ. ಬಾಯಿಲೆ ಕೇಳು. ಇಲ್ಲ? ಯಾರಿಗೂ ಕಲಿಸಲಿಲ್ಲ ಬೇ ನಿನ್ನ ಸೊಲ್ಲು. ಕಲಿಸಾಕ ನನಗೆಲ್ಲಿ ಬರತೈತಿ?

ಭಾರತಿ ಮೊದಲ ಸಲ ಸಾಲಗುಂದಕ್ಕ ಬಂದಿದ್ದು ನೆನಪೈತಿಲ್ಲ? ಬದುವಿನ ಮ್ಯಾಲ ಚಪ್ಪಲಿ ಕೈಯಾಗ ಹಿಡಕೊಂಡು ನಿಂತು, ನಿಮ್ಮ ಪದ ಬರಸ್ರಿ ಅಂದ್ಲು. ನಾ ಬರಸಿದೆ. ನಂದು ಕೇಳೂ ಸೊಲ್ಲು, ನಮ್ಮವ್ವ ಕೇಳಿದ್ದೇ ನಾ ಕೇಳ್ತೀನಿ, ಒಂದಕ್ಷರ ಬದಲಿಲ್ಲ. ಆಮ್ಯಾಲ ನಿನ್ನ ಕಡೆ ತಿರುಗಿ, ನೀವು ತಿರುಗಿ ಹೇಳೂದು ಬರಸ್ರೀ ಅಂದ್ಲು. ನೀ ಬಗ್ಗಿದಾಕಿ ಏಳಲೇ ಇಲ್ಲ, ಸಸಿ ಹಚ್ಚಿಕೋತನೇ ಅಂದಿ: "ನಿನ್ನೀದು ನಿನ್ನೆಗೆ ಹೋತ್ರೀ ಮೇಡಂ. ಇವತ್ತಿಂದು ಇನ್ನೂ ಬಂದಿಲ್ಲ."

ಸಾಲಿಗೆ ಸಾಲೇ ನಕ್ಕಿತು. ನಾ ಬದುವಿನ ಮ್ಯಾಲ ಯಾರು ನಿಂತಾರ ಅಂತ ಕೇಳಿದ್ರ, ನೀ ಒಂದು ದಿನ ತಾಯಪ್ಪನ ಹೊಟ್ಟಿ ಹಾಡ್ತಿ, ಒಂದು ದಿನ ಹೊಲದ ಧಣಿ ಛತ್ರಿ ಹಾಡ್ತಿ, ನಮ್ಮ ಸಾಲಿನ ಶೇಖರಮ್ಮನ ಗಂಡ ತೀರಿಕೊಂಡ ವರ್ಷ ಏನು ಹಾಡಿದಿ ಅಂದ್ರ ಆಕಿ ಕೆಸರಾಗ ನಿಂತು ಅತ್ತು ಹಗುರಾದ್ಲು. ಹಂಗಿದ್ದ ಸೊಲ್ಲು ನಾ ಹೆಂಗ ಒಯ್ಲಿ? ಯಾರಿಗೆ ಕಲಿಸ್ಲಿ?

ಅಲ್ಲ, ನಾ ಹೇಳಲಿಲ್ಲ. ನನ್ನ ಬಾಯಾಗ ಬರೋದಿಲ್ಲ ಅದು.

ಮತ್ತ ಹೆಂಗ ಹಾಡಿದಿ ಅಂತಿ… ಹಾಡಿದೆ ಬೇ. ಚಪ್ಪಾಳಿ ಬಿದ್ವು ಅಂದೆನಲ್ಲ. ನೀ ಬಿಡಂಗಿಲ್ಲ. ಇಕಾ, ಹಾಡೇ ತೋರಸ್ತೀನಿ. ಸಣ್ಣ ದನಿಲೆ. ನೀ ಸಾಲಿನಾಗ ಎತ್ಕೊಂಡಂಗ ಎತ್ಕೋ, ಸಿಟ್ಟು ಆಮ್ಯಾಲ ಮಾಡಿದ್ರಾತು.

"ಕಾಲಿವಿಗೆ ನೀರು ಬಂತೇನ ಗೆಳತಿ, ಕಾಲಿವಿಗೆ ನೀರು ಬಂತೇನ…"

…

…ಎತ್ಕೋ ಬೇ.

…

ಹಾಂ. ಇದು.

ಇದೇ ನೋಡು ಗುಲ್ಷನ್‌ಬೀ. ಅಲ್ಲೂ ಇದೇ ಆತು. ಒಂದು ಸೊಲ್ಲು ಹಾಡಿದೆ, ರೂಢಿ ಪ್ರಕಾರ ಬಾಯಿ ಮುಚ್ಚಿ ನಿನ್ನ ದನಿಗೆ ಕಿವಿ ಕೊಟ್ಟು ನಿಂತೆ. ನೀ ಎಲ್ಲಿದ್ದಿ? ಅಷ್ಟು ಮಂದಿ ನನ್ನನ್ನೇ ನೋಡ್ಕೋತ ಕುಂತಿದ್ರು. ನೀ ಉತ್ತರ ಹೇಳಾಕ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತೆ. ಆಮ್ಯಾಲ ಎರಡನೇ ಸೊಲ್ಲು ಕೇಳಿದೆ. ಮತ್ತ ನಿಂತೆ. ಕಡೀ ತನಕ ಹಂಗೇ. ಅವರು ಪದಾನೇ ಹಂಗೈತಿ ಅಂತ ತಿಳಕೊಂಡ್ರು. ಮರುದಿನ ಪಾಠದಾಗ ಮೈರಮ್ಮ ಬೆರಳು ಎತ್ತಿ ಹುಡುಗರನ್ನ ಸುಮ್ಮನಿರಸ್ತಿದ್ಲು, ಅವರು ಕಾಲಿಲೆ ತಾಳ ಕುಟಗೋತ ಕಾಯೂವ್ರು, ಬರೋಬ್ಬರಿ ನಿನ್ನ ಸೊಲ್ಲಿನಷ್ಟು ಹೊತ್ತು, ಆಮ್ಯಾಲ ಮುಂದಿಂದು ಕೇಳೂವ್ರು. ಒಬ್ಬ ಹುಡಿಗಿ ಅವಸರ ಮಾಡಿ ನಡುವ ಬಾಯಿ ಹಾಕಿದ್ಲು, ಮೈರಮ್ಮ ಗದರಿಸಿದ್ಲು.

ತಡೀಬೇಕಿತ್ತು, ಹೌದು. ಭಾರತಿಗೆ ಫೋನಿನಾಗ ಒಂದು ಮಾತು ಹೇಳಿದ್ರ ಆಕಿ ಅವರಿಗೆ ತಿಳಿಸ್ತಿದ್ಲು. ಅವರು ಆ ಜಾಗಕ್ಕ ಯಾರನ್ನಾರ ನಿಂದರಸ್ತಿದ್ರು, ಏನಾರ ಕಟ್ಟಿ ಹಾಡಸ್ತಿದ್ರು. ನಿನ್ನ ಜಾಗಾದಾಗ ಇನ್ನೊಬ್ಬಾಕಿನ್ನ ಕಣ್ಣಿಲೆ ನೋಡೂದಕ್ಕಿಂತ ಖಾಲಿ ಇರಲಿ ಅನಿಸ್ತು. ಈಗ ಆ ಸಮುದ್ರದ ನಡುವ ಮಂದಿ ನಮ್ಮ ಪದ ಹಾಡ್ತಾರ, ನೀರು ಬಂತೇನ ಅಂತಾರ, ಯಾರು ನಿಂತಾರ ಅಂತಾರ, ಯಾರೂ ಏನೂ ಹೇಳಂಗಿಲ್ಲ. ಚಂದ ಅಂತಾರ ಅದಕ್ಕ. ನನಗ ಅಲ್ಲಿ ಕೂಡಾಕ ಆಗ್ತಿರಲಿಲ್ಲ ಬೇ, ಹೊರಗ ಕುರಿ ಕಡೆ ಎದ್ದು ಹೋಗ್ತಿದ್ದೆ.

ಹೇಳಿದೆ. ಮುಚ್ಚಿಟ್ಟದ್ದು ಇಷ್ಟೇ. ಇನ್ನ ನಿನಗ ಬಿಟ್ಟದ್ದು.

ತಾಯಪ್ಪ ಸಂಜಿಗೆ ಬರ್ತಾನ. ಏನು ಹೇಳಲಿ ಅವನಿಗೆ?

…

ಏನು ಹೇಳಲಿ ಬೇ, ಗುಲ್ಷನ್‌ಬೀ?

…

ನನಗ ಕೇಳೂದಷ್ಟೇ ಬರತೈತಿ.