ಎಣ್ಣೆ ಹೊಡೆಯದ ನಾಲ್ಕು ಸಾಲು

ಸತ್ಯಮೂರ್ತಿಗಳ ಮನೆಯವರಾದ ಸುಮಿತ್ರಮ್ಮ, ಮಗಳು ಶಾಮಲಾ — ನಿಮಗೆ ನಮಸ್ಕಾರ. ನಮ್ಮ ಹೋಟೆಲು ಮಾಲಕರ ಸಂಘದ ಬಂಧುಗಳೇ — ನಿಮಗೂ ಒಂದು ನಮಸ್ಕಾರ, ಪದ್ಧತಿ ಬಿಡಬಾರದಲ್ಲ.

“ಕಾಂತಪ್ಪಣ್ಣ, ಬರೆದುಕೊಂಡು ಬನ್ನಿ, ಬಾಯಿಗೆ ಬಂದದ್ದು ಮಾತಾಡಬೇಡಿ” ಎಂದು ಕಾರ್ಯದರ್ಶಿ ಶೇಖರ ಗಂಟು ಬಿದ್ದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಂದ್ರಾದಲ್ಲಿ ಗ್ಲಾಸು ತೊಳೆಯಲು ನಿಂತವನು ನಾನು. ನನ್ನ ಕೈಗೆ ಪೆನ್ನು ಕೊಟ್ಟು ಇವನಿಗೇನು ಸಿಕ್ಕಿತೋ! ಬಾಯಿಗೆ ಬಂದದ್ದೇ ಕಾಗದಕ್ಕೂ ಬಂದಿದೆ. ಕೇಳಿ.

ಸತ್ಯಮೂರ್ತಿಗಳು ಮೈಸೂರಿನವರು. ಪರೇಲಿನ ಒಂದು ಮಿಲ್ಲಿಗೆ ಹತ್ತಿ ಖರೀದಿ ಮಾಡುತ್ತಿದ್ದರು. ಮುಷ್ಕರವಾಯಿತು, ಮಿಲ್ಲು ಮತ್ತೆ ತೆರೆಯಲಿಲ್ಲ. ಬೇರೆ ಯಾರಾದರೂ ಮುಲುಂಡಿನ ಬಿಲ್ಡಿಂಗಿನಲ್ಲಿ ಪೇಪರು ಓದುತ್ತಾ ಕೂರುತ್ತಿದ್ದರು. ಇವರು ಕುಂದಗೋಳದ ಹೊಲಕ್ಕೆ ಹೋದರು. ಯಾಕೆ? — ಹಿಂದೆ ಹತ್ತಿ ಕೊಳ್ಳಲು ಹೋದಾಗ ಅಲ್ಲಿ ನೋಡಿದ ಒಂದು ಸಂಗತಿ ಅವರನ್ನು ಬಿಟ್ಟಿರಲಿಲ್ಲ.

ಅಣವೀರಪ್ಪ ಎನ್ನುವ ರೈತನ ಹೊಲ. ಎಲ್ಲ ಗಿಡಕ್ಕೂ ಕೀಟದ ವಿಷ ಹೊಡೆದಿದ್ದಾರೆ — ಅಲ್ಲಿಯವರು ಅದಕ್ಕೆ ಎಣ್ಣೆ ಅನ್ನುತ್ತಾರೆ. ಆದರೆ ಬದುವಿನ ಬದಿಯ ನಾಲ್ಕು ಸಾಲಿಗೆ ಮಾತ್ರ ಹೊಡೆದಿಲ್ಲ. “ಯಾಕಮ್ಮ, ಇಷ್ಟು ಬಿಟ್ಟಿದ್ದೀರಲ್ಲ?” ಎಂದು ಅವನ ಹೆಂಡತಿ ಮಲ್ಲವ್ವನನ್ನು ಕೇಳಿದರು. ಆಕೆ ಇವರ ಮುಖವನ್ನೇ ನೋಡಿ, “ದೇವರ ಬತ್ತಿಗ್ರೀ ಸಾಹೇಬ್ರ. ಎಣ್ಣಿ ಹೊಡದ ಹತ್ತೀಲೆ ದೇವರಿಗೆ ದೀಪಾ ಹಚ್ಚತಾರೇನ್ರಿ?” ಅಂದಳು.

“ಹಾಗಾದರೆ ಉಳಿದದ್ದು?”

“ಅದು ಮುಂಬೈಗ್ರೀ.”

ಮುಂಬೈಗೆ! — ಕೇಳಿದಿರಾ? ದೇವರಿಗೆ ಬೇಡವಾದದ್ದು ನಮಗೆ. ನೀವು ನಗಬಹುದು. ಮೂರ್ತಿಗಳೂ ನಗುತ್ತಲೇ ನನಗೆ ಹೇಳಿದರು. ಹೇಳಿ, “ಕಾಂತಪ್ಪನೋರೆ, ನೀವು ಇಡ್ಲಿ ಬೇಯಿಸೋ ಬಟ್ಟೆ ಎಲ್ಲಿಂದ ಬರುತ್ತೆ?” ಎಂದು ಕೇಳಿದರು. ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದಿದ್ದರೆ ನನಗೆ ಸಿಟ್ಟೇ ಬರುವುದು.

ಅಂದಿನಿಂದ ನಾವಿಬ್ಬರೂ ಜೊತೆ. ಮಾತಾಡುವುದು ಅವರು, ಜಗಳ ಮಾಡುವುದು ನಾನು. ವಿಷ ಹೊಡೆಯದ ಹತ್ತಿ ಬೆಳೆಸಿ, ಅಲ್ಲಿಯೇ ಮಗ್ಗದಲ್ಲಿ ನೇಯಿಸಿ, ಹೋಟೆಲುಗಳಿಗೆ ಇಡ್ಲಿ ಬಟ್ಟೆ, ಚಹಾ ಸೋಸುವ ಬಟ್ಟೆ, ಕೈ ಒರಸುವ ಬಟ್ಟೆ ತರುವುದು — ಇದು ಅವರ ಯೋಚನೆ. ಹೋದ ವರ್ಷ ಇದೇ ಸಭಾಂಗಣದಲ್ಲಿ ಎದ್ದು ನಿಂತು, ಈ ಬಟ್ಟೆ ಕೊಳ್ಳುತ್ತೀರಾ ಎಂದು ನಿಮ್ಮನ್ನು ಕೇಳಿದರು. ಹಿಂದಿನಿಂದ ಒಬ್ಬ ಕೂಗಿದ: “ಏನು ಮೂರ್ತಿಗಳೇ, ನಿಮ್ಮ ಹತ್ತಿಯಲ್ಲಿ ಇಡ್ಲಿ ಇನ್ನೂ ಬೆಳ್ಳಗಾಗ್ತದಾ?”

“ಇಡ್ಲಿ ಬೆಳ್ಳಗಾಗೋಲ್ಲ ಸ್ವಾಮಿ. ಎಣ್ಣೆ ಹೊಡೆಯೋರ ಕಣ್ಣು ಕೆಂಪಾಗೋದು ತಪ್ಪುತ್ತೆ.”

ಆಗ ಕೈ ಎತ್ತಿದಿರಿ. ಎಲ್ಲರೂ ಎತ್ತಿದಿರಿ! ಚಪ್ಪಾಳೆ ಬೇರೆ. ಆ ಕೈಗಳನ್ನು ನಂಬಿ ಅಣವೀರಪ್ಪ ಮತ್ತು ಅವನ ಅಕ್ಕಪಕ್ಕದ ರೈತರು ಬಿತ್ತಿದರು. ಹುಳ ಬಿತ್ತು. ಊರವರು ನಕ್ಕರು. ಬೇವಿನ ಕಷಾಯ ಹಾಕಿದರು, ಕೈಯಿಂದ ಹುಳ ಆರಿಸಿದರು — ಎಣ್ಣೆ ಹೊಡೆಯಲಿಲ್ಲ. ನಾವು ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು.

ಹತ್ತಿ ಬಿಡಿಸಿ ಆಯಿತು. ಬಟ್ಟೆ ಬೇಕೋ ಎಂದು ಕೇಳಲು ಮೂರ್ತಿಗಳು ಹೊರಟರು. ಮುಲುಂಡಿನಿಂದ ದಾದರ್, ದಾದರಿನಿಂದ ದಹಿಸರ್, ತಿರುಗಿ ಬಾಂದ್ರಾ — ಆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ, ಆ ವಯಸ್ಸಿನಲ್ಲಿ. “ನಾಳೆ ಬನ್ನಿ.” “ಸೇಟ್ ಇಲ್ಲ.” “ಮಿಲ್ಲಿನ ಬಟ್ಟೆ ಸಾಕು, ಚಲ್ತಾ ಹೈ.” ಬಾಂದ್ರಾದಲ್ಲಿ ಒಬ್ಬರು ಬೆಳಿಗ್ಗೆಯಿಂದ ಕೂರಿಸಿ, ಮಧ್ಯಾಹ್ನ “ಸೇಟ್ ಮಲಗಿದ್ದಾರೆ” ಎಂದು ಹುಡುಗನ ಕೈಲಿ ಹೇಳಿಸಿ ಕಳಿಸಿದರು. ಹೆಸರು ಹೇಳುವುದಿಲ್ಲ. ಎರಡನೇ ಸಾಲಿನಲ್ಲಿದ್ದಾರೆ — ಕತ್ತು ಬಗ್ಗಿಸಬೇಡಿ ಮಾರಾಯ್ರೇ, ಈಗಲಾದರೂ ಎಚ್ಚರವಾಗಿರಿ. ಅಲ್ಲಿಂದ ಹೊರಟವರು ದಾದರ್ ಸೇತುವೆಯ ಮೇಲೆ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ.

ಹೃದಯಾಘಾತ ಎಂದು ಡಾಕ್ಟರರು ಹೇಳಿದ್ದಾರೆ. ಇರಬಹುದು. ಡಾಕ್ಟರರಿಗೆ ನಮ್ಮ ಪರಿಚಯವಿಲ್ಲ.

ಇವತ್ತು ಅವರ ಪಟಕ್ಕೆ ಇಷ್ಟು ಹಾರ! ಹಾರ ತರಲು ನಿಮಗೆ ಪುರುಸೊತ್ತಿತ್ತು. ಹೌದು ಅಥವಾ ಇಲ್ಲ ಎನ್ನಲು ಇರಲಿಲ್ಲ.

ಅಣವೀರಪ್ಪ ಬಂದಿದ್ದಾನೆ — ಅಗೋ, ಬಾಗಿಲ ಹತ್ತಿರ ನಿಂತಿದ್ದಾನೆ. “ಹತ್ತಿ ಮನ್ಯಾಗ ಇಟ್ಟಕೊಂಡ ಕುಂತೇವ್ರಿ. ಮುಂದೇನ್ ಮಾಡೋಣ್ರಿ?” ಎಂದು ನನ್ನನ್ನು ಕೇಳಿದ. ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯವರು ಈ ಮಾರ್ಚ್ ಕೊನೆಗೆ ಯಂತ್ರ ಸ್ವಚ್ಛ ಮಾಡಿ ಇವನದನ್ನು ಬೇರೆಯಾಗಿ ಹಾಕಿಕೊಡುತ್ತಾರೆ. ನೀವು ಬೇಡವೆಂದರೆ ಅದು ಪೇಟೆಯ ರಾಶಿಗೆ ಸೇರುತ್ತದೆ. ಒಮ್ಮೆ ಬೆರೆತರೆ ಯಾವುದು ಯಾವುದೆಂದು ಯಾರಿಗೂ ಹೇಳಲಾಗುವುದಿಲ್ಲ. ಬರುವ ವರ್ಷ ಅವನೂ ಎಣ್ಣೆಯ ಡಬ್ಬ ತರುತ್ತಾನೆ. ನಾನು ಅವನನ್ನು ತಪ್ಪು ಎನ್ನುವುದಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲಿ. ಸತ್ಯಮೂರ್ತಿಗಳಿಗಾಗಿ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರೋಣ. ಒಂದೇ ನಿಮಿಷ. ಅವರು ಬದುಕಿದ್ದಾಗ ವರ್ಷವಿಡೀ ಮುಚ್ಚಿಕೊಂಡದ್ದು ಸಾಕು. ಮಾರ್ಚ್ ಇಪ್ಪತ್ತರೊಳಗೆ ನನ್ನ ಹೋಟೆಲಿಗೆ ಬಂದು, ಬಟ್ಟೆ ಬೇಕೋ ಬೇಡವೋ ಒಬ್ಬೊಬ್ಬರೂ ಹೇಳಬೇಕು.